ವಿದ್ಯುತ್ ಕಂಬಳಿಯ ಹೊಟ್ಟೆಯಲ್ಲಿ ರೊಟ್ಟಿಯ ತುಣುಕು ದೊರೆತ ಕುರಿತು

ಇಲಾಖೆಯ ಹೆಸರು: ಮೇಲಿನಿಂದ ಬರಬೇಕಾಗಿದೆ
ಬೆಳಗಾವಿ ಕಚೇರಿ, ಎರಡನೆಯ ಮಹಡಿ (ಬಿಸಿಲು ಬಾರದ ಬದಿ)

ಸಂಖ್ಯೆ: ಹೊದಿಕೆ/ವಿದ್ಯುತ್/ಖಾನಾಪುರ/ರೊಟ್ಟಿ/1 (ಒಂದೇ ತುಣುಕು)
ದಿನಾಂಕ: ಎಳ್ಳಮಾವಾಸ್ಯೆಯ ಮರುದಿನ, ಮಂಜು ಸರಿದು ಅಕ್ಷರ ಕಾಣತೊಡಗಿದ ಮೇಲೆ

ಸುತ್ತೋಲೆ

ವಿಷಯ: ಚಳಿಗಾಲದಲ್ಲಿ ವಿದ್ಯುತ್ ಕಂಬಳಿಯನ್ನು ಆರಿಸುವ, ಹಾಸುವ, ಬಿಸಿ ಮಾಡುವ ಹಾಗೂ ಅದಕ್ಕೆ ಊಟ ಮಾಡಿಸದಿರುವ ಬಗ್ಗೆ, ಮತ್ತು ವಶಪಡಿಸಿಕೊಂಡ ಒಂದು ಸೂಜಿಯ ಬಗ್ಗೆ.

ಉಲ್ಲೇಖ:
1. ಈ ಕಚೇರಿಯ ಸುತ್ತೋಲೆ, ‘ಈ ವರ್ಷ ಚಳಿ ಇರುವುದಿಲ್ಲ’ (ಹಿಂಪಡೆಯಲಾಗಿದೆ).
2. ಈ ಕಚೇರಿಯ ಸುತ್ತೋಲೆ, ‘ಚಳಿ ಇದ್ದರೂ ಕಚೇರಿಯ ವೇಳೆಯಲ್ಲಿ ಮಫ್ಲರ್ ಸುತ್ತಿಕೊಳ್ಳತಕ್ಕದ್ದಲ್ಲ’ (ಸಹಿ ಮಾಡುವಾಗ ಸಹಿ ಮಾಡಿದವರೇ ಮಫ್ಲರ್ ಸುತ್ತಿಕೊಂಡಿದ್ದರೆಂಬ ಆಕ್ಷೇಪದ ಮೇರೆಗೆ ತಡೆಹಿಡಿಯಲಾಗಿದೆ).
3. ವಡಗಾವಿಯಲ್ಲಿ ಕೌದಿ ಹೊಲಿಯುವ ಕಾಶವ್ವ ಇವರಿಗೆ ನೀಡಿದ ಕಾರಣ ಕೇಳುವ ನೋಟೀಸು.
4. ಸದರಿ ನೋಟೀಸಿಗೆ ಕಾಶವ್ವ ಇವರು ಬಾಯಿಮಾತಿನಲ್ಲಿ ನೀಡಿದ ಉತ್ತರ (ಬರೆದುಕೊಂಡಾಗ ನಾಲ್ಕು ಪುಟ, ಬೈಗುಳ ತೆಗೆದ ಮೇಲೆ ಒಂದೂವರೆ).
5. ಕೆಳಸಹಿದಾರರ ಧರ್ಮಪತ್ನಿ ಶಿವಲಿಂಗವ್ವ ಇವರ ಅಭಿಪ್ರಾಯ (ಕೇಳಿರಲಿಲ್ಲ).

ಪ್ರಸ್ತಾವನೆ:

ಬೆಳಗಾವಿಯ ಚಳಿ ಬಾಗಿಲು ತಟ್ಟಿ ಬರುತ್ತದೆ. ಖಾನಾಪುರದ ಚಳಿಗೆ ಆ ರೀತಿ ರಿವಾಜು ಇಲ್ಲ. ಸಂಜೆ ದೀಪ ಹಚ್ಚುವಷ್ಟರಲ್ಲಿ ಕಾಡಿನ ಕಡೆಯಿಂದ ಮಂಜು ಹೊತ್ತು ಬಂದು, ಹಾಸಿದ ಹಾಸಿಗೆಯ ಮೇಲೆ ನಮಗಿಂತ ಮೊದಲೇ ಮಲಗಿರುತ್ತದೆ. ಸದರಿ ಚಳಿಗೆ ಈ ಕಚೇರಿಯು ಅನುಮತಿ ನೀಡಿರುವುದಿಲ್ಲವಾದರೂ, ಅದು ಬರುತ್ತಿರುವುದು ಗಮನಕ್ಕೆ ಬಂದಿದೆ.

ಖಾನಾಪುರದಲ್ಲಿ ಈ ಇಲಾಖೆಯದೊಂದು ವಿಶ್ರಾಂತಿ ಗೃಹವಿದೆ. ಇಪ್ಪತ್ತೆರಡು ವರ್ಷಗಳಿಂದ ಅದನ್ನು ಗೌಸಸಾಬ ಎಂಬುವರು ನೋಡಿಕೊಂಡು ಬಂದಿದ್ದಾರೆ. ಅಡುಗೆ, ಕಸ, ಕೀಲಿಕೈ ಮತ್ತು ಬಂದವರ ಸಿಟ್ಟು, ಈ ನಾಲ್ಕೂ ಅವರ ವಶದಲ್ಲಿರುತ್ತವೆ. ಮೇಲಧಿಕಾರಿಗಳು ಅಲ್ಲಿ ಒಂದು ರಾತ್ರಿ ತಂಗುವವರಿದ್ದು, ಅವರಿಗೆ ಚಳಿಯಾಗದಂತೆ ನೋಡಿಕೊಳ್ಳಲು ಕಚೇರಿ ಅಧೀಕ್ಷಕರಾದ ತಮ್ಮಣ್ಣ (ವಾಸ ಹಿಂದವಾಡಿ, ಮುಂದೆ ‘ಕೆಳಸಹಿದಾರರು’ ಎಂದು ಕರೆಯಲಾಗುವುದು, ಮನೆಯಲ್ಲಿ ಬೇರೆ ಹೆಸರುಗಳಿಂದಲೂ ಕರೆಯಲಾಗುತ್ತದೆ) ಇವರಿಗೆ ಸೂಚಿಸಲಾಗಿತ್ತು.

ಪ್ರಕರಣದ ಸಾರ ಇಷ್ಟು. ವಿದ್ಯುತ್ ಕಂಬಳಿಯೊಂದನ್ನು ತರಲಾಯಿತು. ಅದನ್ನು ಮೇಲೂ ಕೆಳಗೂ ಮುಚ್ಚುವಂತೆ ಕೌದಿಯ ಅಂಗಿ ಹೊಲಿಸಲಾಯಿತು. ಹೊಲಿಯುವಾಗ ಅದರ ಹೊಟ್ಟೆಯಲ್ಲಿ ರೊಟ್ಟಿ ಇಡಲಾಯಿತು. ಗುಂಡಿ ಒತ್ತಲಾಯಿತು. ಹೊಗೆ ಬಂತು. ದೈವದಯೆಯಿಂದ ಯಾರಿಗೂ ಗಾಯವಾಗಲಿಲ್ಲ. ಗಾಯವಾಗದಿದ್ದರೂ ತಪ್ಪಿತಸ್ಥರು ಬೇಕಾಗುತ್ತಾರಾದ್ದರಿಂದ, ಕೌದಿ ಹೊಲಿದ ಕಾಶವ್ವ ಇವರ ಸೂಜಿಯನ್ನು ಮುಖ್ಯ ಸಾಕ್ಷ್ಯವೆಂದು ವಶಪಡಿಸಿಕೊಂಡು, ಲಕೋಟೆಯಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ, ಕೆಳಸಹಿದಾರರ ಕಪಾಟಿನಲ್ಲಿ ಇಡಲಾಯಿತು. ಇಂದಿಗೆ ಹನ್ನೊಂದು ದಿನಗಳಾಗಿವೆ. ಕೌದಿ ಹೊಲಿಯುವವರಿಗೆ ಚಳಿಗಾಲವೇ ಸುಗ್ಗಿ ಎಂಬುದು ಕಚೇರಿಗೆ ತಿಳಿದಿದೆ. ಅಂಗಡಿಯಲ್ಲಿ ಬೇರೆ ಸೂಜಿ ಸಿಗುತ್ತದೆ ಎಂದು ಅವರಿಗೆ ಸಲಹೆ ನೀಡಲಾಗಿ, ಅವರು ಈ ಕೆಳಗಿನಂತೆ ಉತ್ತರಿಸಿದ್ದಾರೆ:

“ನಮ್ಮತ್ತಿ ಕೊಟ್ಟ ಸೂಜಿ ಅದು. ನಲವತ್ತು ವರ್ಷದಾಗ ನನ್ನ ಬೆರಳು ಬಾಗಿದಂಗ ಅದೂ ಬಾಗೇತಿ. ಅಂಗಡ್ಯಾಗ ಸೂಜಿ ಸಿಗತಾವ ಯಪ್ಪಾ, ಬಾಗಿದ್ದು ಸಿಗೂದಿಲ್ಲ.”

ಸೂಜಿಯನ್ನು ಹಿಂದಿರುಗಿಸಬೇಕೇ, ಶಾಶ್ವತವಾಗಿ ಕಡತದಲ್ಲಿ ಇರಿಸಬೇಕೇ ಎಂಬುದು ತಪ್ಪು ಯಾರದು ಎಂಬುದನ್ನು ಅವಲಂಬಿಸಿದೆ. ಆ ಬಗ್ಗೆ ಸಾಕಷ್ಟು ವಿಚಾರಣೆ ನಡೆಸಿ, ಅದರಿಂದ ತಪ್ಪಿಸಿಕೊಳ್ಳಲು ಸಾಕಷ್ಟು ಪ್ರಯತ್ನವನ್ನೂ ನಡೆಸಿ, ಈ ಕೆಳಗಿನ ನಿಯಮಗಳನ್ನು ಹೊರಡಿಸಲಾಗಿದೆ.

ಭಾಗ ಒಂದು: ಆರಿಸುವುದು

1. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ವಿದ್ಯುತ್ ಕಂಬಳಿಯನ್ನು ಆರಿಸತಕ್ಕದ್ದಲ್ಲವೆಂದು ಈ ಮೂಲಕ ಸೂಚಿಸಲಾಗಿದೆ. ಆಯ್ಕೆ ಸಮಿತಿಯಲ್ಲಿ ಮೂವರು ಸದಸ್ಯರಿದ್ದು, ಇಬ್ಬರು ನೆಗಡಿಯ ಕಾರಣ ರಜೆಯಲ್ಲಿದ್ದರು. ಉಳಿದ ಒಬ್ಬ ಸದಸ್ಯರು (ಕೆಳಸಹಿದಾರರು) ಸರ್ವಾನುಮತದಿಂದ ಒಂದು ಪೆಟ್ಟಿಗೆಯನ್ನು ಆರಿಸಿದರು. ಪೆಟ್ಟಿಗೆಯ ಮೇಲೆ ಹಿಮದ ಗುಡ್ಡವೂ ಅದರ ಮುಂದೆ ಮಲಗಿ ನಗುತ್ತಿರುವ ದಂಪತಿಯೂ ಇದ್ದು, “ನಗುವವರಿಗೆ ಚಳಿ ಇರಲಾರದು” ಎಂದು ನಡವಳಿಯಲ್ಲಿ ದಾಖಲಿಸಲಾಗಿದೆ.

2. ಆರಿಸುವವರು ಕಂಬಳಿಯ ಮೇಲೆ ಮಾನಕದ ಗುರುತು ಇದೆಯೇ, ಶಾಖವನ್ನು ಏರಿಸಿ ಇಳಿಸುವ ಗುಂಡಿ ಇದೆಯೇ, ಮಿತಿ ಮೀರಿದಾಗ ತಾನಾಗಿ ಆರುವ ವ್ಯವಸ್ಥೆ ಇದೆಯೇ, ತೊಳೆಯುವಾಗ ವೈರು ಬಿಚ್ಚಿ ತೆಗೆಯಬಹುದೇ ಎಂಬುದನ್ನು ನೋಡತಕ್ಕದ್ದು. ಕೆಳಸಹಿದಾರರು ನೋಡಿದ್ದು ಬಣ್ಣವನ್ನು. ಅದು ಕಡತದ ರಟ್ಟಿಗೆ ಹೊಂದುತ್ತಿತ್ತು. ಅಂಗಡಿಯ ಖಲೀಲ ಇವರು ಆ ವೇಳೆಯಲ್ಲಿ ಎರಡು ಕಂಬಳಿಗಳನ್ನು ಮುಂದಿಟ್ಟು ಹೇಳಿದ ಮಾತು ಹೀಗಿದೆ: “ಸಾಹೇಬ್ರ, ಇದು ಭಾಳ ಕಾದ್ರ ತಾನಾಗಿ ಬಂದ್ ಆಗತದ. ಅದು ಹಂಗಲ್ಲ. ನೀವು ಅದನ್ನ ಬಂದ್ ಮಾಡ್ಲಿಲ್ಲಂದ್ರ, ಅದು ನಿಮ್ಮನ್ನ ಬಂದ್ ಮಾಡತದ.” ಇದನ್ನು ವ್ಯಾಪಾರದ ಮಾತೆಂದು ಪರಿಗಣಿಸಿ ಎರಡನೆಯದನ್ನು ಆರಿಸಲಾಯಿತು.

3. ಮಂಚಕ್ಕಿಂತ ದೊಡ್ಡ ಕಂಬಳಿಯನ್ನು ತಂದು ಮಡಿಚಿ ಹಾಸತಕ್ಕದ್ದಲ್ಲ. ಅಂತೆಯೇ ಅಳತೆ ನೋಡುವ ನೆಪದಲ್ಲಿ ಅಂಗಡಿಯ ನೆಲದ ಮೇಲೆ ಕಂಬಳಿ ಹಾಸಿ ಮಲಗತಕ್ಕದ್ದಲ್ಲ. ಮಲಗಿದರೂ ನಿದ್ದೆ ಮಾಡತಕ್ಕದ್ದಲ್ಲ. ಕೆಳಸಹಿದಾರರನ್ನು ಇಬ್ಬರು ಗಿರಾಕಿಗಳು ದಾಟಿಕೊಂಡು ಹೋಗಿದ್ದು, ಮೂರನೆಯವರು ಇದು ಕಂಬಳಿಯ ಜೊತೆಗೇ ಬರುತ್ತದೆಯೇ ಎಂದು ವಿಚಾರಿಸಿದ್ದಾರೆ.

4. ಕಂಬಳಿಯೊಡನೆ ಬರುವ ಸೂಚನಾ ಪತ್ರವನ್ನು ಓದತಕ್ಕದ್ದು. ಯಾವುದೇ ಕಾಗದವನ್ನು ಕಡತಕ್ಕೆ ಸೇರಿಸಿದೊಡನೆ ಅದನ್ನು ಓದಿದಂತೆಯೇ ಎಂದು ಭಾವಿಸುವ ಈ ಕಚೇರಿಯ ಹಳೆಯ ಪದ್ಧತಿಯನ್ನು, ಕಂಬಳಿಗಳ ಮಟ್ಟಿಗೆ, ರದ್ದುಪಡಿಸಲಾಗಿದೆ. (ಈ ಪತ್ರದ ಸಂಗತಿ ಖಂಡಿಕೆ 15ರಲ್ಲಿ ಮತ್ತೆ ಬರುತ್ತದೆ. ಅಲ್ಲಿಯವರೆಗೆ ಸಿಬ್ಬಂದಿಯು ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಕೆಳಸಹಿದಾರರು ಇಟ್ಟುಕೊಂಡಿರಲಿಲ್ಲ.)

ಭಾಗ ಎರಡು: ಹೊಲಿಸದಿರುವುದು

5. ವಿದ್ಯುತ್ ಕಂಬಳಿಗೆ ಅಂಗಿ ಹೊಲಿಸತಕ್ಕದ್ದಲ್ಲ. ತಂದ ಕಂಬಳಿಯು ಬಿಚ್ಚಿ ನೋಡಲಾಗಿ ತೆಳ್ಳಗೆ, ಬೂದು ಬಣ್ಣಕ್ಕೆ, ಮಳೆಯಲ್ಲಿ ನೆನೆದ ಕತ್ತೆಯ ಬೆನ್ನಿನಂತೆ ಕಂಡುಬಂದಿದ್ದರಿಂದ, ಅದು ಮೇಲಧಿಕಾರಿಗಳ ಘನತೆಗೆ ಕುಂದು ಎಂದು ಕೆಳಸಹಿದಾರರಿಗೆ ಅನಿಸಿತು. ಹಾಗೆ ಅನಿಸಿಕೊಳ್ಳುವಂತೆ ಅವರಿಗೆ ಯಾರೂ ಆದೇಶ ನೀಡಿರಲಿಲ್ಲ. ಕಂಬಳಿಯನ್ನು ಬಗಲಲ್ಲಿ ಹಿಡಿದು, ಸಿಟಿ ಬಸ್ಸು ಹತ್ತಿ, ಅವರು ವಡಗಾವಿಗೆ ಹೋದರು.

6. ವಡಗಾವಿಯ ಓಣಿಗಳಲ್ಲಿ ಮಗ್ಗಗಳು ಒಂದರ ಮಾತನ್ನು ಒಂದು ಕೇಳದೆ ಮಾತಾಡುತ್ತಿರುತ್ತವೆ. ಆ ಸದ್ದಿನ ನಡುವೆ, ಹೊಸ್ತಿಲ ಒಳಗೆ ಕಾಲು ಚಾಚಿ ಕುಳಿತು, ಹಳೆಯ ಸೀರೆ ಧೋತರಗಳ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವವರು ಕಾಶವ್ವ. ಅವರು ಹೊಲಿದ ಕೌದಿ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚುವುದಿಲ್ಲವೆಂದು ಪ್ರತೀತಿ. ಬಿಚ್ಚದಂತೆ ಹೊಲಿಯಬೇಕಾದರೆ ಹೊಲಿಗೆ ಒತ್ತೊತ್ತಾಗಿರಬೇಕು, ಸೂಜಿ ಎಲ್ಲ ಪದರಗಳನ್ನೂ ದಾಟಿ ಆಚೆ ಬರಬೇಕು. ಒಳಗಿನ ಪದರದಲ್ಲಿ ವಿದ್ಯುತ್ ತಂತಿಗಳಿದ್ದರೆ ಇದು ಯಾವ ಫಲ ನೀಡುತ್ತದೆ ಎಂಬುದನ್ನು ಊಹಿಸಲು ತಾಂತ್ರಿಕ ಶಿಕ್ಷಣದ ಅಗತ್ಯವಿರುವುದಿಲ್ಲ. ಕೆಳಸಹಿದಾರರಲ್ಲಿ ಇಲ್ಲದ್ದು ಬೇರೆಯೇ ಏನೋ.

7. ಕೌದಿ ಹೊಲಿಯುವವರಲ್ಲಿ ಒಂದು ನಡೆ ಇದೆ. ಕೊನೆಯ ಮೂಲೆ ಮುಚ್ಚುವ ಮೊದಲು ಕೌದಿಯ ಹೊಟ್ಟೆಯಲ್ಲಿ ಒಂದು ತುಣುಕು ರೊಟ್ಟಿ ಇಟ್ಟು, ಕೈಮುಗಿದು, ಆಮೇಲೆ ಗಂಟು ಹಾಕುತ್ತಾರೆ. ಹಸಿದ ಕೌದಿ ಯಾರನ್ನೂ ಬೆಚ್ಚಗಿಡದು, ತುತ್ತು ಉಂಡ ಕೌದಿಯನ್ನು ಹೊದ್ದ ಮನೆಗೆ ಅನ್ನದ ಕೊರತೆ ಬಾರದು ಎಂಬ ನಂಬಿಕೆ. ಕೆಳಸಹಿದಾರರು ಇಂಥ ಕೌದಿಗಳ ಕೆಳಗೇ ಹುಟ್ಟಿ ಬೆಳೆದವರು. ಬಾಲ್ಯದಲ್ಲಿ ಹೊಲಿಗೆ ಹರಿದು ರೊಟ್ಟಿ ಹುಡುಕಿ ಅವ್ವನ ಕೈಯಲ್ಲಿ ಪೆಟ್ಟು ತಿಂದವರು. ಆದರೂ ಆ ದಿನ ಅವರಿಗೆ ಅದು ನೆನಪಾಗಲಿಲ್ಲ. ತೊಟ್ಟಿದ್ದ ಕೋಟು ಕಾರಣವೆಂದು ಊಹಿಸಲಾಗಿದೆ.

8. ಉಲ್ಲೇಖ 3ರ ನೋಟೀಸಿನಲ್ಲಿ ಕಾಶವ್ವ ಇವರ ಮೇಲೆ ಮೂರು ಆಪಾದನೆಗಳನ್ನು ಹೊರಿಸಲಾಗಿತ್ತು. (ಅ) ಸರಕಾರಿ ಕಂಬಳಿಯನ್ನು ಅಂದಾಜು ನಾಲ್ಕು ಸಾವಿರ ಕಡೆ ಚುಚ್ಚಿದ್ದು. (ಆ) ಪೂರ್ವಾನುಮತಿ ಇಲ್ಲದೆ ಅದರೊಳಗೆ ಆಹಾರ ಪದಾರ್ಥ ಇಟ್ಟದ್ದು. (ಇ) ಒಳಗೆ ಏನಿದೆ ಎಂದು ಕೇಳದೆ ಹೊಲಿದದ್ದು. ಮೊದಲ ಎರಡಕ್ಕೆ ಅವರ ಉತ್ತರವನ್ನು ಇಲ್ಲಿ ನಮೂದಿಸಲಾಗಿದೆ.

(ಅ) “ಚುಚ್ಚಲಾರದ ಹೊಲಿಯೂದು ಹೆಂಗಂತ ನಿಮ್ಮ ಆಫೀಸಿನಾಗ ಯಾರಾರ ಬಲ್ಲವರಿದ್ರ ಕಳಸ್ರಿ. ಈ ವಯಸ್ಸಿನಾಗ ಅದೊಂದು ಕಲ್ತ ಸಾಯ್ತೀನಿ.” (ಕಳುಹಿಸಲು ಯಾರೂ ದೊರೆತಿಲ್ಲ.)

(ಆ) “ಮತ್ತ ಹೊಟ್ಟಿ ಹಸಕೊಂಡು ಹೋಗಬೇಕಾಗಿತ್ತೇನು ಅದು? ದೊಡ್ಡ ಸಾಹೇಬ್ರು ಹೊಚ್ಚಗೊಳ್ಳೂ ಕೌದಿ ಅಂದಿ. ಮುಂಜಾನಿ ಬಡದ ಬಿಸಿ ರೊಟ್ಟ್ಯಾಗಿಂದ ಮುರದು ಇಟ್ಟೀನಿ. ತಂಗಳಾ ಇಟ್ಟಿಲ್ಲ, ನಮ್ಮವ್ವನ ಆಣಿ.”

ಮೂರನೆಯ ಆಪಾದನೆಗೆ ನೀಡಿದ ಉತ್ತರವು ಕೆಳಸಹಿದಾರರಿಗೆ ಅನಾನುಕೂಲವಾಗಿರುವ ಕಾರಣ ಖಂಡಿಕೆ 14ಕ್ಕೆ ಮುಂದೂಡಲಾಗಿದೆ.

ಭಾಗ ಮೂರು: ಬಳಸುವುದು

9. ಘಟನೆಯ ದಿನ ಸಂಜೆ ಏಳಕ್ಕೆ ಮೇಲಧಿಕಾರಿಗಳು ಆಗಮಿಸಿ, ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದರು. ಅವರು ಮಲಗುವಷ್ಟರಲ್ಲಿ ಹಾಸಿಗೆ ಬೆಚ್ಚಗಿರಲೆಂದು, ಬೆಳಗಾವಿಯಿಂದ ಫೋನಿನ ಮೂಲಕ ಕೆಳಸಹಿದಾರರು ಗೌಸಸಾಬರಿಗೆ ನಿರ್ದೇಶನಗಳನ್ನು ನೀಡಿದರು. ಕಾಲ ಬದಿಯಲ್ಲಿ ಉದ್ದವಾದದ್ದನ್ನು ಮಡಿಚಿ ಕೆಳಗೆ ಸೇರಿಸಿರಿ. ಮೇಲೆ ದಪ್ಪ ಗಾದಿ ಹಾಕಿರಿ. ಅದು ಜಾರದಂತೆ ಸಾಹೇಬರ ಪೆಟ್ಟಿಗೆ ಇಡಿರಿ. ಗುಂಡಿಯನ್ನು ಪೂರ್ತಿ ತಿರುಗಿಸಿರಿ. ಮುಂದೆ ನಡೆದದ್ದನ್ನು ಗೌಸಸಾಬರ ಹೇಳಿಕೆಯಲ್ಲಿಯೇ ನೀಡಲಾಗಿದೆ:

“ಗುಂಡಿ ತಿರುವಿ ಅಡಿಗಿಮನಿಗೆ ಬಂದೆ ರೀ. ಒಲಿ ಇನ್ನಾ ಹಚ್ಚಿದ್ದಿಲ್ಲ. ಹೊರಗಿಂದ ಸಾಹೇಬ್ರು ಒದರಿದ್ರು, ‘ಗೌಸಸಾಬ, ರೊಟ್ಟಿ ವಾಸನೆ ಘಮಘಮ ಬರ್ತಿದೆ, ಬೇಗ ಬಡಿಸಿ’ ಅಂತ. ನಾ ಒಲಿ ನೋಡಿದೆ, ತಣ್ಣಗ ಅದ. ಹಂಚು ನೋಡಿದೆ, ಗೂಟಕ್ಕ ತೂಗಾಕತ್ತೇತಿ. ಯಾ ಅಲ್ಲಾ, ಹಂಗಾರ ರೊಟ್ಟಿ ಬಡಿಯೋರು ಯಾರು? ವಾಸನಿ ಹಿಡಕೊಂಡ ಹೋದೆ. ಹೋದ್ರ ಸಾಹೇಬ್ರ ಹಾಸಿಗ್ಯಾಗ ಐತಿ ರೀ! ಬೇಯೂ ವಾಸನಿ ಹೋಗಿ ಸುಡೂ ವಾಸನಿ ಆಗಾಕತ್ತಿತ್ತು. ಗಾದಿ ಎತ್ತಿದ್ರ ಹೊಗಿ. ಸಾಹೇಬ್ರು ಓಡಿ ಬಂದು ‘ನೀರು, ನೀರು’ ಅಂದ್ರು. ‘ನೀರ ಹಾಕಬ್ಯಾಡ್ರಿ ಸಾಹೇಬ್ರ, ಕರೆಂಟ್ ಅದ’ ಅಂತ ಮೊದಲ ಪ್ಲಗ್ ಕಿತ್ತೆ. ಆಮ್ಯಾಲ ಕಂಬಳಿ ಎಳದು ಅಂಗಳಕ್ಕ ಒಗದೆ. ಒಗದ ಮ್ಯಾಲ ಸಾಹೇಬ್ರು ಕೇಳಿದ್ರು, ‘ಹಾಗಾದರೆ ಊಟ?’”

10. ಸದರಿ ಹೇಳಿಕೆಯ ಆಧಾರದ ಮೇಲೆ ಈ ಕೆಳಗಿನಂತೆ ಸೂಚಿಸಲಾಗಿದೆ.
(ಅ) ವಿದ್ಯುತ್ ಕಂಬಳಿಯನ್ನು ಸಪಾಟಾಗಿ ಹಾಸತಕ್ಕದ್ದು. ಮಡಿಚಿದಲ್ಲಿ ಶಾಖ ಒಂದೆಡೆ ಕೂಡುತ್ತದೆ.
(ಆ) ಅದರ ಮೇಲೆ ಗಾದಿ, ಪೆಟ್ಟಿಗೆ, ಕಡತ ಹಾಗೂ ಇತರ ಭಾರವಾದ ವಸ್ತುಗಳನ್ನು ಇಡತಕ್ಕದ್ದಲ್ಲ. ಭಾರವಾದ ಅಧಿಕಾರಿಗಳ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದಿಲ್ಲ.
(ಇ) ಹಾಸಿಗೆ ಬಿಸಿಯಾದ ಮೇಲೆ, ಮಲಗುವ ಮೊದಲು, ಗುಂಡಿ ಆರಿಸಿ ಪ್ಲಗ್ ತೆಗೆಯತಕ್ಕದ್ದು.
(ಈ) ಒದ್ದೆ ಟವೆಲ್, ಒದ್ದೆ ತಲೆ ಹಾಗೂ ತುಂಬಿದ ಚಹಾದ ಕಪ್ಪಿನೊಡನೆ ಕಂಬಳಿಯನ್ನು ಪ್ರವೇಶಿಸತಕ್ಕದ್ದಲ್ಲ.
(ಉ) ಹೊಗೆ ಕಂಡಲ್ಲಿ ಮೊದಲು ಪ್ಲಗ್ ಕೀಳತಕ್ಕದ್ದು. ಆಮೇಲೆ ದೇವರನ್ನು ನೆನೆಯತಕ್ಕದ್ದು. ಎರಡನ್ನೂ ಏಕಕಾಲಕ್ಕೆ ಮಾಡಬಲ್ಲವರು ಗೌಸಸಾಬರೊಬ್ಬರೇ ಎಂದು ದಾಖಲೆಗಳಿಂದ ಕಂಡುಬರುತ್ತದೆ.
(ಊ) ವಿಶ್ರಾಂತಿ ಗೃಹದ ಬೆಕ್ಕು, ಯಾವ ಹಾಸಿಗೆಯನ್ನೂ ಬಿಡದೆ ಮಲಗುವಂಥದ್ದು, ಆ ಸಂಜೆ ಸದರಿ ಕಂಬಳಿಯ ಮೇಲೆ ಕಾಲಿಟ್ಟು, ಮೂಸಿ, ಇಳಿದು ಹೋಗಿತ್ತು. ಇನ್ನು ಮುಂದೆ ಬೆಕ್ಕಿನ ಇಂಥ ನಡವಳಿಕೆಯನ್ನು ತಾಂತ್ರಿಕ ವರದಿ ಎಂದು ಪರಿಗಣಿಸತಕ್ಕದ್ದು. ಬೆಕ್ಕಿನ ಸಹಿಗಾಗಿ ಒತ್ತಾಯಿಸತಕ್ಕದ್ದಲ್ಲ.

11. ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶ ಕುಂದಿದವರು, ಹಸುಗೂಸುಗಳು, ಬಿಸಿ ತಟ್ಟಿದರೂ ಸರಿಯಲಾಗದವರು ವಿದ್ಯುತ್ ಕಂಬಳಿಯನ್ನು ಬಳಸತಕ್ಕದ್ದಲ್ಲ. ಇದನ್ನು ಇಲ್ಲಿ ನಗೆಯಿಲ್ಲದೆ ಬರೆಯಲಾಗಿದೆ. ಗೌಸಸಾಬರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಇದೆ. “ನನ್ನ ಕಾಲಿಗೆ ಕೆಂಡಾನೂ ಒಂದ, ನೀರೂ ಒಂದ ರೀ ಸಾಹೇಬ್ರ. ನೋಡಿದ್ರ ಮಾತ್ರ ಗೊತ್ತಾಗತದ” ಎಂದು ಅವರು ತಿಳಿಸಿದ್ದಾರೆ. ಅವರ ಚಳಿಗೆ ತಂತಿಯಿಲ್ಲದ ಹೊದಿಕೆಯೇ ಆಗಬೇಕು.

12. ಅಂಥ ಹೊದಿಕೆಯೊಂದು ಅವರ ಬಳಿ ಇತ್ತು; ಸ್ವಂತದ ಕರಿ ಕಂಬಳಿ. ಘಟನೆಯ ರಾತ್ರಿ ಬೇರೆ ದಾರಿ ಕಾಣದೆ ಅದನ್ನು ಮೇಲಧಿಕಾರಿಗಳಿಗೆ ಹೊದಿಸಲಾಯಿತು. ಅವರು ಸುಖವಾಗಿ ನಿದ್ರಿಸಿ, ಬೆಳಿಗ್ಗೆ “ಇದು ಚೆನ್ನಾಗಿದೆ” ಎಂದು ಜೀಪಿನಲ್ಲಿ ಹಾಕಿಸಿಕೊಂಡು ತೆರಳಿದ್ದಾರೆ. ಅಂದಿನಿಂದ ಗೌಸಸಾಬರು ವಿಶ್ರಾಂತಿ ಗೃಹದ ಎರಡು ಪರದೆಗಳನ್ನು ಹೊದ್ದು ಮಲಗುತ್ತಿದ್ದಾರೆ. ಅಂಗಳಕ್ಕೆ ಒಗೆದ ಕಂಬಳಿಯಿಂದ ಕೌದಿಯ ಅಂಗಿಯನ್ನು ಬಿಡಿಸಲಾಗಿದ್ದು, ಅಂಗೈಯಗಲ ಸುಟ್ಟದ್ದನ್ನು ಬಿಟ್ಟರೆ ಅದು ಗಟ್ಟಿಯಾಗಿದೆ. ತೇಪೆ ಹಾಕಿದರೆ ಗೌಸಸಾಬರಿಗೆ ಆಗುತ್ತದೆ. ತೇಪೆ ಹಾಕಲು ಕಾಶವ್ವ ಬೇಕು. ಕಾಶವ್ವನಿಗೆ ಸೂಜಿ ಬೇಕು. ಸೂಜಿ ಕಪಾಟಿನಲ್ಲಿದೆ. ಕಪಾಟಿನ ಕೀಲಿ ಕೆಳಸಹಿದಾರರ ಕೊರಳಲ್ಲಿ, ಇಷ್ಟಲಿಂಗದ ಶಿವದಾರದ ಪಕ್ಕದಲ್ಲಿ, ತೂಗುತ್ತಿದೆ.

ಭಾಗ ನಾಲ್ಕು: ರೊಟ್ಟಿ

13. ಸುಟ್ಟ ಭಾಗವನ್ನು ಬಿಚ್ಚಿ ನೋಡಲಾಗಿ, ತಂತಿಯೊಂದು ತುಂಡಾದಲ್ಲಿಯೇ, ಅದಕ್ಕೆ ಆತುಕೊಂಡು, ಜೋಳದ ರೊಟ್ಟಿಯ ತುಣುಕು ದೊರೆತಿದೆ. ಒಂದು ಬದಿ ಹದವಾಗಿ ಕೆಂಪಗಾಗಿದ್ದು, ಇನ್ನೊಂದು ಬದಿ ಕರಕಲಾಗಿತ್ತು. ಬಟ್ಟೆ ಹೊತ್ತಿಕೊಳ್ಳುವ ಮೊದಲು ರೊಟ್ಟಿ ಬೆಂದಿದೆ. ರೊಟ್ಟಿ ಬೆಂದಿದ್ದರಿಂದ ವಾಸನೆ ಬಂದಿದೆ. ವಾಸನೆ ಬಂದಿದ್ದರಿಂದ ಮೇಲಧಿಕಾರಿಗಳಿಗೆ ಹಸಿವಾಗಿದೆ. ಹಸಿವಾಗಿದ್ದರಿಂದ ಗೌಸಸಾಬರು ಎದ್ದಿದ್ದಾರೆ. ತಾನಾಗಿ ಆರುವ ವ್ಯವಸ್ಥೆ ಇಲ್ಲದ ಆ ಕಂಬಳಿಯಲ್ಲಿ ಕೆಲಸ ಮಾಡಿದ ಏಕೈಕ ಸುರಕ್ಷಾ ಸಾಧನ ಆ ತುಣುಕು ಎಂಬ ನಿರ್ಣಯಕ್ಕೆ, ಬೇರೆ ನಿರ್ಣಯ ಸಿಗದೆ, ಬರಲಾಗಿದೆ.

13-ಎ. ಆದರೂ ಇದನ್ನು ಓದಿ ಸಿಬ್ಬಂದಿಯು ಫ್ಯಾನು, ಗೀಜರು, ಮೇಜಿನ ಖಾನೆ ಇತ್ಯಾದಿಗಳಲ್ಲಿ ರೊಟ್ಟಿ ಅಳವಡಿಸತಕ್ಕದ್ದಲ್ಲ. ಮೇಜಿನ ಖಾನೆಯಲ್ಲಿ ಈಗಾಗಲೇ ಇರುವ ರೊಟ್ಟಿಗಳು ಸುರಕ್ಷತೆಗಾಗಿ ಇವೆ ಎಂಬ ವಿವರಣೆಯನ್ನು ಒಪ್ಪಲಾಗುವುದಿಲ್ಲ. ರೊಟ್ಟಿಯ ಬದಲು ಅನ್ನದ ಅಗುಳನ್ನು ಮಾನ್ಯ ಮಾಡಬೇಕೆಂದು ಖಾನಾಪುರದ ಅಕ್ಕಿ ಉಣ್ಣುವ ಸಿಬ್ಬಂದಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಸಲ್ಲಿಸಿದ ಮನವಿಗಳನ್ನು ಸ್ವೀಕರಿಸಿ, ಎರಡಕ್ಕೂ ಒಂದೇ ಮೌನದಿಂದ ಉತ್ತರಿಸಲಾಗಿದೆ. ಕೌದಿಗೆ ರೊಟ್ಟಿ ಇಡಬಹುದು, ತಂತಿಗೆ ಇಡತಕ್ಕದ್ದಲ್ಲ.

ಭಾಗ ಐದು: ಹೊಣೆ

14. ಇನ್ನು ಮುಂದೂಡಲು ಖಂಡಿಕೆಗಳು ಉಳಿಯದ ಕಾರಣ, ಮೂರನೆಯ ಆಪಾದನೆಗೆ, ಅಂದರೆ ಒಳಗೆ ಏನಿದೆ ಎಂದು ಕೇಳದೆ ಹೊಲಿದದ್ದಕ್ಕೆ, ಕಾಶವ್ವ ಇವರು ನೀಡಿದ ಉತ್ತರವನ್ನು ಈ ಕೆಳಗೆ ಯಥಾವತ್ತಾಗಿ ನೀಡಲಾಗಿದೆ:

“ಕೇಳ್ಲಿಲ್ಲ ಅಂತ ಬರದೀಯೇನು? ಕೇಳಿದ್ನೆಲ್ಲೋ ಯಪ್ಪಾ. ಎರಡ ಸಲ ಕೇಳಿದೆ. ಕೈಯಾಡಿಸಿ ನೋಡಿ, ‘ಒಳಗ ಹಗ್ಗ ಹತ್ತಿದಂಗ ಆಗತಾವಲ್ಲ, ಏನವು’ ಅಂದೆ. ನೀ ಗಡಿಯಾರ ನೋಡಕೋತ ನಿಂತಿದ್ದಿ. ಮತ್ತ ಕೇಳಿದೆ. ‘ಅವು ಸರಕಾರಿ ಹಗ್ಗ, ಇರ್ತಾವ ಬಿಡವ್ವಾ’ ಅಂದಿ. ಸರಕಾರದ್ದಂದ್ರ ನಮಗೇನ ತಿಳೀತೈತಿ? ನೀ ಸಾಲಿ ಕಲ್ತಾಂವ, ನೀ ಅಂದಿ, ನಾ ಹೊಲದೆ.”

ಸದರಿ ಮಾತು ಆಡಲಾಗಿತ್ತೇ ಎಂದು ಕೆಳಸಹಿದಾರರನ್ನು ಕೆಳಸಹಿದಾರರೇ ವಿಚಾರಿಸಲಾಗಿ, ಮೊದಲ ದಿನ ನೆನಪಿಲ್ಲವೆಂದೂ, ಎರಡನೆಯ ದಿನ ಮಗ್ಗದ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲವೆಂದೂ ಉತ್ತರ ಬಂತು.

15. ಮೂರನೆಯ ದಿನ, ವರದಿಗೆ ಅಡಕಗಳನ್ನು ಸೇರಿಸಲು ಕಡತ ತೆರೆದಾಗ, ಖಂಡಿಕೆ 4ರಲ್ಲಿ ಹೇಳಿದ ಸೂಚನಾ ಪತ್ರ ಸಿಕ್ಕಿತು. ಅದಕ್ಕೆ ಪುಟಸಂಖ್ಯೆ ಹಾಕಲಾಗಿತ್ತು, ಮೂಲೆಯಲ್ಲಿ ‘ನೋಡಿದೆ’ ಎಂದು ಬರೆದು ಕೆಳಸಹಿದಾರರ ಸಹಿಯೂ ಆಗಿತ್ತು. ನೋಡಿರಲಿಲ್ಲ. ಈಗ ನೋಡಿದರು. ಅದರಲ್ಲಿ ಸಾಲುಸಾಲಾಗಿ ಚಿತ್ರಗಳಿದ್ದವು. ಮಡಿಚಿದ ಕಂಬಳಿ, ಅದರ ಮೇಲೊಂದು ಅಡ್ಡಗೆರೆ. ನೀರಿನ ಹನಿ, ಅಡ್ಡಗೆರೆ. ನಡುವೆ, ಎಲ್ಲಕ್ಕಿಂತ ದೊಡ್ಡದಾಗಿ, ಒಂದು ಸೂಜಿ. ಅದರ ಮೇಲೂ ಅಡ್ಡಗೆರೆ.

ಅಕ್ಷರ ಬಾರದವರಿಗೂ ತಿಳಿಯಲೆಂದು ಯಾರೋ ಪುಣ್ಯಾತ್ಮರು ಆ ಸೂಜಿಯ ಚಿತ್ರ ಬರೆದಿದ್ದರು. ಅಕ್ಷರ ಬಲ್ಲವರು ಅದನ್ನು ಕಡತದಲ್ಲಿ ಹೊಲಿದಿಟ್ಟಿದ್ದರು. ಆ ಒಂದು ಹಾಳೆ ವಡಗಾವಿಯ ಹೊಸ್ತಿಲು ಮುಟ್ಟಿದ್ದರೆ, ನಲವತ್ತು ವರ್ಷ ಸೂಜಿ ಹಿಡಿದ ಕಾಶವ್ವ ಅದನ್ನು ಒಮ್ಮೆ ನೋಡಿ, ಕಂಬಳಿಯನ್ನು ಮಡಿಚಿ ಕೈಗಿಟ್ಟು ಕಳಿಸುತ್ತಿದ್ದರು.

16. ಆ ಸಂಜೆ ಹಿಂದವಾಡಿಯ ಮನೆಯಲ್ಲಿ ಊಟಕ್ಕೆ ಕುಳಿತಾಗ, ತಟ್ಟೆಯಲ್ಲಿ ರೊಟ್ಟಿ ಇದ್ದುದರಿಂದ, ವಿಷಯ ತಾನಾಗಿ ಪ್ರಸ್ತಾಪವಾಯಿತು. ಶಿವಲಿಂಗವ್ವ ಇವರು ಎರಡನೆಯ ರೊಟ್ಟಿಯನ್ನು ತಟ್ಟೆಗೆ ಹಾಕದೆ ಕೈಯಲ್ಲಿಯೇ ಹಿಡಿದು ವ್ಯಕ್ತಪಡಿಸಿದ ಅಭಿಪ್ರಾಯ ಹೀಗಿದೆ:

“ಆ ಮುದುಕಿ ಸೂಜಿ ಕಸಕೊಂಡು ಬಂದು ಕಪಾಟಿನ್ಯಾಗ ಇಟ್ಟೀರಿ. ಮತ್ತ ಮುಂಜಾನೆದ್ದು ಇಬತ್ತಿ ಹಚ್ಚಿಕೊಂಡು, ಅಂಗೈಯಾಗ ಲಿಂಗ ಇಟಗೊಂಡು, ನೋಡಕೋತ ಕುಂದರ್ತೀರಿ. ಏನ ಕಾಣತೈತ್ರಿ ನಿಮಗ ಅಲ್ಲಿ? ಕಪಾಟೇನು?”

ಮರುದಿನ ಮುಂಜಾನೆ ಪೂಜೆಗೆ ಕುಳಿತು ಅಂಗೈಯ ಲಿಂಗದಲ್ಲಿ ದೃಷ್ಟಿ ನೆಟ್ಟಾಗ ಕೆಳಸಹಿದಾರರಿಗೆ ಕಂಡದ್ದು ಕಪಾಟೇ ಎಂದು ಈ ಮೂಲಕ ದಾಖಲಿಸಲಾಗಿದೆ. ಬೀಗ ಸಮೇತ.

17. ಹೀಗಾಗಿ ಈ ಕೆಳಗಿನ ಸಂಗತಿಯನ್ನು ಸಿಬ್ಬಂದಿಯ ಗಮನಕ್ಕೆ ತರಲಾಗಿದೆ. ಕಾಶವ್ವ ಕೇಳಿದಾಗ, ಕಂಬಳಿಯೊಳಗೆ ಏನಿದೆ ಎಂಬುದು ತಮ್ಮಣ್ಣನಿಗೆ ಗೊತ್ತಿರಲಿಲ್ಲ. ‘ಗೊತ್ತಿಲ್ಲ’ ಎನ್ನಬಹುದಿತ್ತು. ಇಪ್ಪತ್ತೊಂಬತ್ತು ವರ್ಷಗಳ ಸೇವೆಯಲ್ಲಿ ಅವನು ಆ ಮಾತು ಆಡಿದ ದಾಖಲೆ ಇಲ್ಲ. ‘ಪರಿಶೀಲನೆಯಲ್ಲಿದೆ’ ಎಂದಿದ್ದಾನೆ, ‘ಮೇಲಿನಿಂದ ಬರಬೇಕು’ ಎಂದಿದ್ದಾನೆ, ಆ ದಿನ ‘ಸರಕಾರಿ ಹಗ್ಗ’ ಎಂದ. ಕೇಳಿದವಳು ಕೇಳಲಿಲ್ಲವೆಂದು ನೋಟೀಸಿನಲ್ಲಿ ಬರೆದವನೂ ಅವನೇ. ತಂತಿ ಕಡಿದದ್ದು ಸೂಜಿ ಇರಬಹುದು; ಸೂಜಿಯನ್ನು ಅಲ್ಲಿಗೆ ಕಳಿಸಿದ್ದು ಆ ಮಾತು.

18. ಆದುದರಿಂದ ಆದೇಶಿಸಲಾಗಿದೆ:
(ಅ) ಉಲ್ಲೇಖ 3ರ ನೋಟೀಸನ್ನು ಹಿಂಪಡೆಯಲಾಗಿದೆ. ಆಪಾದನೆ (ಇ)ಯನ್ನು ತಮ್ಮಣ್ಣನ ಹೆಸರಿಗೆ ವರ್ಗಾಯಿಸಲಾಗಿದೆ.
(ಆ) ಸೂಜಿಯನ್ನು ಮುದ್ರೆ ಒಡೆದು ಹಿಂದಿರುಗಿಸತಕ್ಕದ್ದು. ಕಚೇರಿಯ ದಬ್ಬಣ ಮುರಿದಿದ್ದ ಕಾರಣ ಈ ಪ್ರಕರಣದ ಕಡತವನ್ನು, ಮುದ್ರೆ ಒತ್ತುವ ಮೊದಲು, ಗುಟ್ಟಾಗಿ ಅದೇ ಸೂಜಿಯಿಂದ ಹೊಲಿಯಲಾಗಿತ್ತು ಎಂಬುದನ್ನೂ ಒಪ್ಪಿಕೊಳ್ಳಲಾಗಿದೆ. ಬಾಗಿದ ಸೂಜಿಯಿಂದ ಹೊಲಿಯುವಾಗ ತಮ್ಮಣ್ಣನ ಬೆರಳಿಗೆ ಮೂರು ಸಲ ಚುಚ್ಚಿದೆ. ಅದನ್ನು ಶಿಕ್ಷೆಯಲ್ಲಿ ಕಳೆಯತಕ್ಕದ್ದಲ್ಲ.
(ಇ) ಸುಟ್ಟ ಕೌದಿಗೆ ತೇಪೆ ಹಾಕಿಸಿ, ಗೌಸಸಾಬರಿಗೆ ತಲುಪಿಸತಕ್ಕದ್ದು. ಅದರಲ್ಲಿ ಹೊಸ ರೊಟ್ಟಿ ಇಡುವುದು ಬಿಡುವುದು ಕಾಶವ್ವ ಇವರ ವಿವೇಚನೆಗೆ ಬಿಟ್ಟದ್ದು.
(ಈ) ಜೀಪಿನಲ್ಲಿ ಹೋದ ಕರಿ ಕಂಬಳಿಯ ಬಗ್ಗೆ ಮೇಲಧಿಕಾರಿಗಳಿಗೆ ನೆನಪೋಲೆ ಬರೆಯಲು ಧೈರ್ಯ ಮಾಡಲಾಗುತ್ತಿದೆ.

(ಸಹಿ)
ತಮ್ಮಣ್ಣ
ಕಚೇರಿ ಅಧೀಕ್ಷಕರು
(ಮಫ್ಲರ್ ಸುತ್ತಿಕೊಂಡು ಸಹಿ ಮಾಡಲಾಗಿದೆ)

ಪ್ರತಿಗಳು:
1. ಮೇಲಧಿಕಾರಿಗಳಿಗೆ, ಮಾಹಿತಿಗಾಗಿ ಹಾಗೂ ಕಂಬಳಿಗಾಗಿ.
2. ಅಂಗಡಿಯ ಖಲೀಲ ಇವರಿಗೆ, “ನೀವು ಹೇಳಿದ್ದು ವ್ಯಾಪಾರದ ಮಾತಲ್ಲ” ಎಂಬ ಷರಾದೊಂದಿಗೆ.
3. ಖಾನಾಪುರ ವಿಶ್ರಾಂತಿ ಗೃಹದ ಗೌಸಸಾಬರಿಗೆ, ಕೌದಿ ಬಂದ ಕೂಡಲೇ ಪರದೆಗಳನ್ನು ಕಿಟಕಿಗೆ ಹಿಂದಿರುಗಿಸುವ ಕೋರಿಕೆಯೊಂದಿಗೆ.
4. ಸದರಿ ಗೃಹದ ಬೆಕ್ಕಿಗೆ, ತಾಂತ್ರಿಕ ವಿಭಾಗ.
5. ಶಿವಲಿಂಗವ್ವ ಇವರಿಗೆ, ಎರಡನೆಯ ರೊಟ್ಟಿಯ ಬಿಡುಗಡೆಗಾಗಿ.
6. ಕಚೇರಿಯ ಕಪಾಟಿಗೆ. ಬೀಗ ಹಾಕುವ ಅಗತ್ಯವಿಲ್ಲ.
7. ಕಾಶವ್ವ ಇವರಿಗೆ, ವಡಗಾವಿ, ಸೂಜಿ ಮತ್ತು ಸೂಜಿಯ ಚಿತ್ರವಿರುವ ಹಾಳೆಯೊಂದಿಗೆ. ಅವರಿಗೆ ಓದಲು ಬಾರದ ಕಾರಣ ತಮ್ಮಣ್ಣ ಸ್ವತಃ ಹೋಗಿ, ಕೋಟು ತೆಗೆದು, ಹೊಸ್ತಿಲ ಒಳಗೆ ನೆಲದ ಮೇಲೆ ಕುಳಿತು, ಇದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳತಕ್ಕದ್ದು. ನಡುವೆ ಅವರು ಏನಾದರೂ ಕೇಳಿದರೆ ಉತ್ತರ ಕೊಡತಕ್ಕದ್ದು. ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ ಎನ್ನತಕ್ಕದ್ದು.